ಅಡ್ಡ ನನ್ನದು, ಉದ್ದ ನಿನ್ನದು

ಬುಟ್ಟಿಯ ತಳಕ್ಕೆ ಹಾಸುವ ಮೊದಲು ಇರಮ ಆ ಹಾಳೆಯನ್ನು ಇನ್ನೊಮ್ಮೆ ಕಿಟಕಿಯ ಬೆಳಕಿಗೆ ಹಿಡಿದಳು. ಪದಬಂಧದ ಅಡ್ಡ ಸಾಲುಗಳೆಲ್ಲ ತುಂಬಿದ್ದವು, ಒಂದನ್ನು ಬಿಟ್ಟು. ಆ ಒಂದರ ಸುಳಿವನ್ನು ಬೆಳಿಗ್ಗೆ ರೊಟ್ಟಿ ಬಡಿಯುವಾಗ ಓದಿಕೊಂಡಿದ್ದಳು. ಮಗಳು ಗುಲ್ನಾರಳ ಜಡೆ ಹೆಣೆಯುವಾಗ ತಿರುಗಿಸಿ ನೋಡಿದ್ದಳು. ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿದಾಗಲೂ ಅದು ತಲೆಯಲ್ಲೇ ಇತ್ತು. ಬಿಡಿಸಲು ಆಗಲಿಲ್ಲ.

"ಇನ್ನೂ ಅದನ್ನ ಹಿಡ್ಕೊಂಡು ನಿಂತಿಯೇನ ಬೇಟಾ?" ಹಿತ್ತಲಿನ ಎಲೆತೋಟದಿಂದ ಅವಳ ತಂದೆ ಬಂದೇಸಾಬ ಕೂಗಿದರು. "ಹಾನಗಲ್ಲ ಬಸ್ಸು ನಿನ್ನ ಇಂಗ್ಲೀಷಿಗೆ ಕಾಯಂಗಿಲ್ಲ."

"ಬಂದೆ ಅಬ್ಬಾ."

ಇದು ತೋಟದ ಕೊನೆಯ ಬುಟ್ಟಿ. ಬಳ್ಳಿಗಳಿಗೆ ಬೇರುಕೊಳೆ ಹತ್ತಿ ಎರಡು ಮಳೆಗಾಲ ಕಳೆದಿತ್ತು. ಬಂದೇಸಾಬರ ಮೊಣಕಾಲು ಏಣಿ ಹತ್ತಲು ಒಲ್ಲೆನ್ನುತ್ತಿತ್ತು. ನಾಳೆ ಆಳುಗಳು ಬಂದು ಬಳ್ಳಿಯನ್ನೂ ಅದು ಹಬ್ಬಿದ ಚೊಗಚಿ ಗಿಡಗಳನ್ನೂ ಕಿತ್ತು ಹಾಕುವವರಿದ್ದರು. ಇರಮಳ ತಮ್ಮ ಮುಬಶೀರ ಅಲ್ಲಿ ಗೋವಿನಜೋಳ ಹಾಕುತ್ತೇನೆ ಎಂದಿದ್ದ. ಅದಕ್ಕೆ ಯಾರೂ ಅತ್ತಿರಲಿಲ್ಲ. ಬಂದೇಸಾಬರು ಮಾತ್ರ ಒಂದು ವಾರದಿಂದ ಎಲೆ ಕೊಯ್ಯುವಾಗ ಗುನುಗುವುದನ್ನು ಬಿಟ್ಟಿದ್ದರು.

ಸವಣೂರಿನ ಎಲೆ ದಿನ ಬಿಟ್ಟು ದಿನ ಬಸ್ಸಿನಲ್ಲಿ ಹಾನಗಲ್ಲಿನ ಪರಮೇಶಪ್ಪನ ಅಂಗಡಿಗೆ ಹೋಗುತ್ತಿತ್ತು. ತಳಕ್ಕೆ ಪತ್ರಿಕೆಯ ಹಾಳೆ, ಅದರ ಮೇಲೆ ಬಾಳೆ ಎಲೆ, ಆಮೇಲೆ ಒದ್ದೆ ಅರಿವೆಯಲ್ಲಿ ಸುತ್ತಿದ ಎಲೆಯ ಕಟ್ಟುಗಳು. ಕಂಡಕ್ಟರನ ಸೀಟಿನ ಪಕ್ಕದಲ್ಲಿ ಬುಟ್ಟಿ ಕೂರುತ್ತಿತ್ತು. ಮರುದಿನ ಖಾಲಿ ಬುಟ್ಟಿ ಅದೇ ಬಸ್ಸಿಗೆ ವಾಪಸು. ಇರಮ ಹುಟ್ಟುವ ಮೊದಲಿನಿಂದ ಹೀಗೇ ನಡೆದಿತ್ತು.

ಹಾಳೆ ಬರುತ್ತಿದ್ದದ್ದು ಅವಳ ಗಂಡ ಶಾಹಬಾಜನ ಖಾರದ ತಿಂಡಿಯ ಅಂಗಡಿಯಿಂದ. ಪೊಟ್ಟಣ ಕಟ್ಟಲೆಂದು ಅವನು ಹುಬ್ಬಳ್ಳಿಯಿಂದ ರದ್ದಿ ತರಿಸುತ್ತಿದ್ದ. ಅದರಲ್ಲಿ ಇಂಗ್ಲಿಷ್ ಪತ್ರಿಕೆ ಸಿಕ್ಕರೆ ಇರಮ ಪದಬಂಧದ ಹಾಳೆಯನ್ನು ಎಣ್ಣೆ ಸೋಕುವ ಮೊದಲೇ ಎಳೆದಿಟ್ಟುಕೊಳ್ಳುವಳು. "ಇನ್ನ ಗಿರಾಕಿ ಕೈಯಾಗ ಖಾರ ಸುರೀತೇನಿ, ಹಾಳಿ ಎಲ್ಲಾ ನೀನ ಇಟ್ಕೋ" ಎಂದು ಶಾಹಬಾಜ ಗೊಣಗುತ್ತಿದ್ದ. ಹಾಗೆಂದು ಗೊಣಗುತ್ತಲೇ ರದ್ದಿಯಲ್ಲಿ ಕರಿ ಬಿಳಿ ಚೌಕ ಕಂಡರೆ ಮಡಚಿ ಜೇಬಿಗೂ ಹಾಕಿಕೊಳ್ಳುತ್ತಿದ್ದ.

ಆ ಬ್ರಿಟಿಷ್ ಪದಬಂಧದ ಹುಚ್ಚು ಅವಳಿಗೆ ಹತ್ತಿದ್ದು ಶಿಗ್ಗಾಂವಿಯ ಕಾಲೇಜಿನಲ್ಲಿ. ಇಂಗ್ಲಿಷ್ ಕಲಿಸುವ ಸರ್ ಒಬ್ಬರು ಲೈಬ್ರರಿಯಲ್ಲಿ ಪತ್ರಿಕೆ ಬಿಡಿಸಿ, ಕುತೂಹಲದಿಂದ ಇಣುಕಿದ ಇಬ್ಬರು ಹುಡುಗಿಯರನ್ನು ಕೂರಿಸಿಕೊಂಡು ಹೇಳಿದ್ದರು: "ಇದು ಪದದ ಅರ್ಥ ಕೇಳೂ ಪದಬಂಧ ಅಲ್ಲ. ಸುಳಿವಿನ ತಲೀಯೊಳಗೋ ಬಾಲದೊಳಗೋ ನಿಜವಾದ ಅರ್ಥ ಇರ್ತದ. ಉಳಿದದ್ದೆಲ್ಲಾ ನಿಮ್ಮ ದಾರಿ ತಪ್ಪಸಾಕ." ಆ ಇನ್ನೊಬ್ಬ ಹುಡುಗಿ ರಂಜನಾ, ಶಿಗ್ಗಾಂವಿಯ ಕಾಳಿನ ವ್ಯಾಪಾರಿಯ ಮಗಳು.

ಇಬ್ಬರೂ ಒಂದೇ ವಾರದಲ್ಲಿ ಆ ಮೋಸದ ರುಚಿ ಹಿಡಿದರು. 'ಫ್ಲವರ್' ಎಂದರೆ ಹೂವಲ್ಲ, ಫ್ಲೋ ಆಗುವಂಥದ್ದು, ನದಿ. 'ದಿ ಆರ್ಟಿಸ್ಟ್' ಎಂದು ಬರೆದಿದ್ದರೆ ಚಿತ್ರಗಾರನನ್ನು ಬಿಟ್ಟು ಇಂಗ್ಲಿಷ್ ಅಕ್ಷರ ನೋಡಬೇಕು, 'ದಿ'ಯ ಕೊನೆಯ ಎರಡಕ್ಷರಕ್ಕೆ 'ಆರ್ಟ್' ಕೂಡಿ ಎರಡು ಶಬ್ದದ ಸಂದಿಯಲ್ಲಿ 'ಹಾರ್ಟ್' ಅಡಗಿ ಕುಂತಿರುತ್ತದೆ. ಸುಳಿವಿನಲ್ಲಿ 'ಕುಡಿದ' ಎಂದು ಬಂದರೆ ಅಕ್ಷರ ತೂರಾಡುತ್ತವೆ. "ನಾರ್ತ್ ಅನ್ನಾಂವ ಕುಡದ ಬಂದ್ರ ಥಾರ್ನ್ ಆಗ್ತಾನ ನೋಡಲೇ, ಚುಚ್ಚಾಕ ಶುರು ಮಾಡ್ತಾನ" ಎಂದು ರಂಜನಾ ನಕ್ಕರೆ ಲೈಬ್ರರಿಯವರು ಮೇಜು ಕುಟ್ಟಬೇಕಾಗುತ್ತಿತ್ತು.

ಪಾಲು ಮಾಡಿಕೊಂಡಿದ್ದರು. ಅಡ್ಡ ಇರಮಳದು, ಉದ್ದ ರಂಜನಾಳದು. ಇರಮಳದು ನೀಲಿ ಪೆನ್ನು, ರಂಜನಾಳದು ಹಸಿರು. ಒಬ್ಬರ ಪಾಲಿಗೆ ಇನ್ನೊಬ್ಬರು ಕೈ ಹಾಕುವಂತಿಲ್ಲ. ರಂಜನಾಳ ಕನ್ನಡಕದ ಗಾಜು ಸೋಡಾ ಬಾಟಲಿಯ ತಳದಷ್ಟು ದಪ್ಪ. ಅದನ್ನು ತೆಗೆದು ಓಢಣಿಯಲ್ಲಿ ಒರೆಸುವಷ್ಟು ಹೊತ್ತಿನಲ್ಲಿ ಇರಮ ಒಂದು ಉದ್ದವನ್ನು ಕದ್ದು ತುಂಬಿಬಿಡುತ್ತಿದ್ದಳು. ಕನ್ನಡಕ ಮೂಗಿಗೇರಿದ ಮೇಲೆ ಜಗಳ. "ಕಳ್ಳಿ! ಸವಣೂರ ಕಳ್ಳಿ!"

ಆ ಪದಬಂಧಗಳ ಹೆಣಿಗೆಯೇ ಒಂದು ತರಹ. ಅಡ್ಡಗಳನ್ನೆಲ್ಲ ತುಂಬಿದರೂ ಉದ್ದದ ಪದ ಪೂರ್ತಿ ಆಗುವುದಿಲ್ಲ. ಒಂದಕ್ಷರ ಇದ್ದರೆ ಮುಂದಿನ ಮನೆ ಖಾಲಿ, ಮತ್ತೊಂದು ಇದ್ದರೆ ಮತ್ತೆ ಖಾಲಿ. ಇನ್ನೊಬ್ಬರು ಬರುವ ತನಕ ಅದು ಹಾಗೇ ಹಲ್ಲುಬಿದ್ದ ಬಾಯಿಯಂತೆ ಕಾಯುತ್ತಿರುತ್ತದೆ.

ಡಿಗ್ರಿ ಮುಗಿದ ವರ್ಷವೇ ರಂಜನಾಳ ಮದುವೆಯಾಯಿತು, ಹಾನಗಲ್ಲಿನ ಪರಮೇಶಪ್ಪನ ಮಗ ರುದ್ರೇಶನ ಜೊತೆ. ಇರಮ ಮದುವೆಗೆ ಹೋಗಿದ್ದಳು. ಹಂದರದ ಕಂಬದ ಹತ್ತಿರ ನಿಂತು ಕೈ ಎತ್ತಿದ್ದಳು. ವೇದಿಕೆಯ ಮೇಲಿನ ರಂಜನಾ ನೇರ ಅವಳ ಕಡೆ ನೋಡಿದಳು. ನೋಡಿ, ಮುಖ ಆಚೆ ತಿರುಗಿಸಿದಳು. ಇರಮ ಮತ್ತೊಮ್ಮೆ ಕೈ ಎತ್ತಿದಳು. ಅದೇ ನೋಟ, ಅದೇ ತಿರುವು. ಸುತ್ತ ಬೀಗರು ತುಂಬಿದ್ದರು. ಬುರ್ಖಾ ತೊಟ್ಟ ಗೆಳತಿಯನ್ನು ಗುರುತು ಹಿಡಿಯಲು ಅವಳಿಗೆ ನಾಚಿಕೆಯಾಯಿತೇನೋ. ಇರಮ ಉಣ್ಣದೆ ಬಸ್ಸು ಹತ್ತಿದಳು. ಆಮೇಲೆ ಅವಳೂ ಫೋನ್ ಮಾಡಲಿಲ್ಲ, ಇವಳೂ ಮಾಡಲಿಲ್ಲ. ಆ ನೋಟವನ್ನು ಇರಮ ಸುಳಿವಿನ ಹಾಗೆ ಎಷ್ಟು ವರ್ಷ ಒಡೆದು ನೋಡಿದಳೋ. ತಲೆಯಲ್ಲಿ ಅರ್ಥವೋ, ಬಾಲದಲ್ಲಿ ಅರ್ಥವೋ. ಪ್ರತಿ ಸಲವೂ ಬೇರೆ ಉತ್ತರ ಬರುತ್ತಿತ್ತು, ಎಲ್ಲವೂ ಚುಚ್ಚುತ್ತಿದ್ದವು.

ಹೋದ ಬೇಸಿಗೆಯಲ್ಲಿ ಒಂದು ದಿನ ಬಂದೇಸಾಬರು ಗೊತ್ತಿಲ್ಲದೆ ಅವಳ ಅರ್ಧ ತುಂಬಿದ ಪದಬಂಧವನ್ನೇ ಬುಟ್ಟಿಗೆ ಹಾಸಿ ಕಳಿಸಿದ್ದರು. ಮೂರ್ನಾಲ್ಕು ದಿನದ ಮೇಲೆ ಖಾಲಿ ಬುಟ್ಟಿಯಲ್ಲಿ ಆ ಹಾಳೆ ವಾಪಸು ಬಂತು. ಉದ್ದಗಳೆಲ್ಲ ತುಂಬಿದ್ದವು. ಹಸಿರು ಶಾಯಿ.

ಇರಮ ಹಾಳೆಯನ್ನು ಹಿಡಿದು ಅಡುಗೆಮನೆಯ ನೆಲದ ಮೇಲೆ ಕುಳಿತುಬಿಟ್ಟಿದ್ದಳು. ಹಿಂದೆ ಮುಂದೆ ತಿರುಗಿಸಿ ನೋಡಿದಳು. ಹೆಸರಿಲ್ಲ, ಒಂದು ಮಾತಿಲ್ಲ. ಮರುದಿನ ಇನ್ನೊಂದು ಹಾಳೆಯ ಅಡ್ಡ ತುಂಬಿ ಬೇಕೆಂದೇ ಹಾಸಿದಳು. ಅದೂ ಬಂತು. ಅಂದಿನಿಂದ ಎಲೆಯ ಕೆಳಗೆ ಅದು ಹೋಗುತ್ತಿತ್ತು, ಬರುತ್ತಿತ್ತು. ಒಂದು ಸಾಲು ಮಾತು ಬರೆಯಲು ಇರಮಳ ಕೈ ಎಷ್ಟೋ ಸಲ ಅಂಚಿಗೆ ಹೋಗಿ ನಿಂತಿತ್ತು. ಮುಖ ತಿರುಗಿಸಿದವಳು ಅವಳು, ಮೊದಲ ಮಾತು ಅವಳದೇ ಆಗಲಿ ಎಂದು ಪೆನ್ನು ಮುಚ್ಚುತ್ತಿದ್ದಳು. ಬುಟ್ಟಿ ಮರುದಿನವೇ ಬಂದರೂ ಹಾಳೆ ಮಾತ್ರ ಯಾವಾಗಲೂ ತಡವಾಗಿ ಬರುತ್ತಿತ್ತು. ಕಾಲೇಜಿನಲ್ಲಿ ಪಟಪಟ ಬಿಡಿಸುತ್ತಿದ್ದವಳು ಈಗ ಯಾಕೆ ಇಷ್ಟು ತಡ? ಅನುಮಾನವಿರಬೇಕು, ಬರೆಯಲೋ ಬಿಡಲೋ ಎಂದು. ಇನ್ನೊಂದು ಸಂಗತಿ, ಒದ್ದೆ ಬುಟ್ಟಿಯಲ್ಲಿ ಹೋದ ಹಾಳೆ ಇಸ್ತ್ರಿ ಮಾಡಿದಷ್ಟು ಒಣಗಿ ಸಪಾಟಾಗಿ ಬರುತ್ತಿತ್ತು. ಅದನ್ನೂ ಇರಮ ರಂಜನಾಳ ಕೈಯ ಜೋಪಾನವೆಂದು ಅರ್ಥ ಮಾಡಿಕೊಂಡಿದ್ದಳು.

ಈಗ ಬಳ್ಳಿ ಹೋದರೆ ಬುಟ್ಟಿ ಹೋಗುತ್ತದೆ. ಬುಟ್ಟಿ ಹೋದರೆ ಇದೂ ಹೋಯಿತು.

"ಬುಟ್ಟಿ ಇವತ್ತ ನಾನ ತಗೊಂಡು ಹೋಗ್ತೇನಿ ಅಬ್ಬಾ" ಎಂದಳು, ಬಾಳೆ ಎಲೆಯ ಮೇಲೆ ಕಟ್ಟುಗಳನ್ನು ಜೋಡಿಸುತ್ತ.

ಬಂದೇಸಾಬರು ಮಗಳ ಮುಖ ನೋಡಿದರು. "ಯಾಕ?"

"ಒಮ್ಮೆ ಕೇಳಬೇಕು. ಅಂದು ಯಾಕ ಮಾರಿ ತಿರುವಿದಿ ಅಂತ. ಕೇಳೇ ಬರ್ತೇನಿ. ಇಲ್ಲಾಂದ್ರ ಇನ್ನ ಯಾವತ್ತೂ ಆಗಂಗಿಲ್ಲ."

"ಮಂದಿ ಮನಿ ಸೊಸಿ ಆಕಿ. ಅಂಗಡಿ ಮುಂದ ನಿಂತು ಜಗಳಾ ತಗೀಬ್ಯಾಡ ಮತ್ತ."

"ಜಗಳಾ ತಗದ್ರ ಚಲೋನ ಆತು. ಜಗಳಾ ಮಾಡಾಕರ ಮಾತಾಡಬೇಕಲ್ಲ."

ಬಂದೇಸಾಬರು ಒದ್ದೆ ಅರಿವೆಯನ್ನು ಹಿಂಡಿ ಕಟ್ಟುಗಳ ಮೇಲೆ ಹೊದಿಸಿದರು, ಕೂಸಿಗೆ ಹೊದಿಸಿದ ಹಾಗೆ.

ಹಾನಗಲ್ಲ ಬಸ್ ಸ್ಟ್ಯಾಂಡಿನ ಎದುರಿಗೇ ಪರಮೇಶಪ್ಪನ ಅಂಗಡಿ. ಇರಮ ಅದನ್ನು ಎಂದೂ ನೋಡಿರಲಿಲ್ಲ. ಕಟ್ಟೆಯ ಮೇಲೆ ಕುಳಿತಿದ್ದ ಸಣಕಲು ಮುದುಕರ ಹಣೆಯ ತುಂಬ ವಿಭೂತಿ, ಬೆರಳ ತುದಿಯಲ್ಲಿ ಸುಣ್ಣ. ಬುಟ್ಟಿಯನ್ನು ದೂರದಿಂದಲೇ ಗುರುತು ಹಿಡಿದು ಅವರು ಎದ್ದು ನಿಂತರು.

"ಇದು ಸವಣೂರ ಬುಟ್ಟಿ ಅಲ್ಲೇನ್ರಿ? ಕಂಡಕ್ಟರ್ ಎಲ್ಲಿ ಹೋದ?"

"ನಾನ ತಂದೆರಿ. ಬಂದೇಸಾಬರ ಮಗಳು."

"ಬಂದೇಸಾಬರ ಮಗಳು..." ಮುದುಕರ ಕಣ್ಣು ಅಗಲವಾಯಿತು. "ಹಂಗಾರ ಅಡ್ಡ ಬರಿಯಾಕಿ ನೀವ ಏನವಾ? ಬರ್ರಿ, ಮ್ಯಾಲ ಬರ್ರಿ. ಕುಂದರ್ರಿ."

ಅವರು ಬುಟ್ಟಿ ತೆಗೆದುಕೊಂಡರು. ಆದರೆ ಎಲೆ ಚಲೋ ಐತೋ ಕೆಟ್ಟೈತೋ ಎಂದು ನೋಡಲಿಲ್ಲ. ಕಟ್ಟುಗಳನ್ನು ಒಂದೊಂದಾಗಿ ಬದಿಗಿಟ್ಟು, ಬಾಳೆ ಎಲೆ ಸರಿಸಿ, ತಳದಿಂದ ಹಾಳೆಯನ್ನು ಎರಡೂ ಕೈಯಿಂದ ಎತ್ತಿದರು. ಒಂದು ಮೂಲೆ ತೊಯ್ದಿತ್ತು. ಧೋತರದ ಚುಂಗಿನಿಂದ ಅದನ್ನು ಒತ್ತಿ ಒತ್ತಿ ಒರೆಸಿದರು. ಆಮೇಲೆ ಕಾಚಿನ ಡಬ್ಬಿಯನ್ನು ಒಂದು ತುದಿಗೆ, ಅಡಕೊತ್ತನ್ನು ಇನ್ನೊಂದು ತುದಿಗೆ ಹೇರಿ ಗಾಳಿ ಬರುವ ಕಡೆ ಹಾಸಿದರು. ದಿನಾ ಮಾಡಿ ಅಭ್ಯಾಸವಾದ ಕೈ. ಇರಮ ಆ ಕೈಯನ್ನೇ ನೋಡಿದಳು. ಸಪಾಟಾಗಿ ಒಣಗಿಸುತ್ತಿದ್ದ ಕೈ ಇದು.

"ರಂಜನಾ ಒಳಗ ಅದಾಳೇನ್ರಿ?" ಎಂದಳು. ಬಸ್ಸಿನುದ್ದಕ್ಕೂ ಹೊಂದಿಸಿಕೊಂಡ ಮಾತೆಲ್ಲ ಈ ಒಂದೇ ಮಾತಾಗಿತ್ತು.

ಪರಮೇಶಪ್ಪನ ಕೈ ಹಾಳೆಯ ಮೇಲೇ ನಿಂತಿತು. "ನಿಮಗ ಗೊತ್ತಿಲ್ಲೇನು?"

"ಏನ್ರಿ?"

"ಆಕಿ ಇಲ್ಲಿಲ್ಲವಾ. ಮಾಸೂರಾಗ ಇರ್ತಾಳ. ಅಲ್ಲಿ ಸಾಲ್ಯಾಗ ಇಂಗ್ಲೀಷ್ ಕಲಸ್ತಾಳ. ಹ್ವಾದ ವರ್ಷ ಸಂಕ್ರಮಣದ ಮುಂದ ಹೋದಾಕಿ." ಅವರು ಪಕ್ಕದ ಹೋಟೆಲಿನ ಕಡೆ ತಿರುಗಿ ಒಂದು ಚಹಾಕ್ಕೆ ಕೂಗಿದರು, ಇರಮಳ ಮುಖ ನೋಡದೆ ಮಾತಾಡಲು ಅದು ಅನುಕೂಲವಾಯಿತು. "ರುದ್ರೇಶ ಕೈ ಎತ್ತತಿದ್ದ. ನನ್ನ ಮಗಾನ. ಬಿಡಸಾಕ ಹೋದ್ರ ನನಗೂ ಬಿತ್ತು. ಕಡೀಕ ನಾನ ಆಕೀನ ಕರ್ಕೊಂಡು ಬಂದು ಇದ ಬಸ್ ಸ್ಟ್ಯಾಂಡಿನಾಗ ಬಸ್ಸು ಹತ್ತಸಿದೆ. ಈಗ ಮನ್ಯಾಗ ಆಕಿ ಹೆಸರು ಯಾರೂ ತಗಿಯಂಗಿಲ್ಲ. ನಮ್ಮಾಕಿ ವೀರವ್ವನಂತೂ, ಸೊಸೀನ ಓಡಿಸಿದಾಂವ ನೀನ ಅಂತಾಳ ನನಗ."

ಇರಮ ಹಾಳೆಯ ಕಡೆ ಬೆರಳು ತೋರಿಸಿದಳು. "ಮತ್ತ ಈ ಪೇಪರು?"

"ಒಂದಿನಾ ಬುಟ್ಟ್ಯಾಗ ಬಂತು. ಅರ್ಧಾ ಬರದಿದ್ರು, ಅರ್ಧಾ ಖಾಲಿ. ನನಗ ಇಂಗ್ಲೀಷ್ ಬರಂಗಿಲ್ಲ. ಆದ್ರ ಚೌಕ ಚೌಕ ನೋಡಿ ಗುರ್ತ ಹತ್ತಿತು. ಆಕಿ ನಮ್ಮನ್ಯಾಗ ಅದನ್ನ ಮುಂದ ಹಾಕ್ಕೊಂಡು ಕುಂದರತಿದ್ಳು, ಉದ್ದಂದು ಅಷ್ಟ ಬರದು ಅಡ್ಡ ಬಿಡತಿದ್ಳು. ಯಾಕವಾ ಹಂಗ ಬಿಡ್ತಿ ಅಂತ ಕೇಳಿದ್ರ, ಮಾವಾರ, ಅದು ನನ್ನ ಪಾಲಿಂದಲ್ಲ ಅಂತಿದ್ಳು. ಅದು ನೆನಪಾತು. ಮಾಸೂರ ಬಸ್ಸಿನಾಂವನ ಕೈಯಾಗ ಕೊಟ್ಟು ಕಳಸಿದೆ. ತುಂಬಿ ಬಂತು. ನಿಮ್ಮ ಬುಟ್ಟಿಗೆ ಹಾಕಿ ಬಿಟ್ಟೆ."

"ಫೋನ್ ಮಾಡಲಿಲ್ಲೇನ್ರಿ ನೀವು ಆಕಿಗೆ?"

"ಮಾಡಿ ಏನು ಮಾತಾಡ್ಲಿ? ನನ್ನ ಮಗಾ ಹಂಗ ಮಾಡಿದ, ಆರಾಮ ಅದಿಯೇನವಾ ಅಂತ ಯಾವ ಬಾಯಿಲೆ ಕೇಳ್ಲಿ?" ಅವರು ಹಾಳೆಯ ಅಂಚನ್ನು ಬೆರಳಿನಿಂದ ನೀವಿದರು. "ಇದು ಬಂದಾಗ ಹಸರು ಅಕ್ಷರ ನೋಡ್ತೇನಿ. ಒಮ್ಮೊಮ್ಮೆ ಸೊಟ್ಟ ಇರ್ತಾವು, ಒಮ್ಮೊಮ್ಮೆ ನೆಟ್ಟಗ. ನೆಟ್ಟಗ ಇದ್ದ ದಿನಾ ಆಕಿ ಆರಾಮ ಅದಾಳ ಅಂತ ತಿಳ್ಕೊಂತೇನಿ."

ಚಹಾ ಬಂತು. ಇರಮ ಕಪ್ಪನ್ನು ಹಿಡಿದು ಕುಡಿಯುವುದನ್ನು ಮರೆತಳು. ಸವಣೂರಿನಿಂದ ಹಾನಗಲ್ಲು, ಹಾನಗಲ್ಲಿನಿಂದ ಮಾಸೂರು, ಮತ್ತೆ ಅದೇ ದಾರಿಯಲ್ಲಿ ಹಿಂದಕ್ಕೆ. ತಡ ಆಗಲೇಬೇಕು. ಅದರಲ್ಲಿ ಅನುಮಾನವೂ ಇರಲಿಲ್ಲ, ಕೋಪವೂ ಇರಲಿಲ್ಲ. ಬರೀ ಬಸ್ಸಿನ ದಾರಿ ಇತ್ತು.

"ಆಕೀನ್ನ ಒಂದು ಮಾತು ಕೇಳಬೇಕಂತ ಬಂದಿದ್ದೆರಿ" ಎಂದಳು. "ಮದವ್ಯಾಗ ನಾನು ಕಂಬದ ಕಡೆ ನಿಂತು ಕೈ ಮಾಡಿದೆ. ನನ್ನ ನೋಡಿನೂ ಮಾರಿ ತಿರುವಿದ್ಳು. ನಾನು ಹಂಗ ಎದ್ದು ಬಂದೆ."

ಪರಮೇಶಪ್ಪ ಅವಳನ್ನೇ ನೋಡಿದರು. ಮೊದಲು ಅವರ ಹುಬ್ಬು ಗಂಟಾಯಿತು. ಆಮೇಲೆ ಬೊಚ್ಚು ಬಾಯಿ ತೆರೆದು ನಕ್ಕರು. ಆ ನಗು ನಡುವೆಯೇ ಎಲ್ಲೋ ಮುರಿಯಿತು.

"ನೋಡಿದ್ಳೇನ? ಎಲ್ಲಿಂದ ನೋಡ್ತಾಳವಾ! ಅಂದು ಅವರ ಮನ್ಯಾವ್ರು ಫೋಟೋಕ್ಕ ಚಂದ ಕಾಣಂಗಿಲ್ಲ ಅಂತ ಚಸ್ಮಾ ತಗಿಸಿದ್ರು. ಮಾಲಿ ಹಾಕೂಮುಂದ ನನ್ನ ಮಗನ್ನ ಬಿಟ್ಟು ಅವನ ಗೆಳ್ಯಾನ ಕಡೆ ಕೈ ಚಾಚಿದಾಕಿ ಆಕಿ. ಇಡೀ ಹಂದರ ನಕ್ತು. ನಾನ ಕೈ ಹಿಡದು ತಿರುಗಿಸಿದೆ." ಅವರು ಕಣ್ಣು ಒರೆಸಿಕೊಂಡರು. "ಆಗ ಬಿಟ್ಟುಬಿಡಬೇಕಿತ್ತು, ಆ ಗೆಳ್ಯಾ ಚಲೋ ಹುಡುಗ."

ಇರಮ ಕಪ್ಪನ್ನು ಕಟ್ಟೆಯ ಮೇಲಿಟ್ಟಳು. ಸೋಡಾ ಬಾಟಲಿಯ ತಳದಂಥ ಗಾಜು. ಓಢಣಿಯಲ್ಲಿ ಒರೆಸುವಾಗ ತಾನು ಕದಿಯುತ್ತಿದ್ದ ಆ ಎರಡು ಗಳಿಗೆ. ಕನ್ನಡಕವಿಲ್ಲದ ರಂಜನಾಗೆ ಮೂಗಿನ ಮುಂದಿನ ಹಾಳೆ ಕಾಣುತ್ತಿರಲಿಲ್ಲ ಎಂದು ಜಗತ್ತಿನಲ್ಲಿ ತನ್ನಷ್ಟು ಚೆನ್ನಾಗಿ ಯಾರಿಗೆ ಗೊತ್ತಿತ್ತು?

"ಊಟಕ್ಕ ಕುಂತಾಗೂ ಕೇಳಿದ್ಳು" ಪರಮೇಶಪ್ಪ ಹೇಳುತ್ತಲೇ ಇದ್ದರು. "ಆಗ ಚಸ್ಮಾ ಹಾಕ್ಕೊಂಡಿದ್ಳು. ಸವಣೂರ ಹುಡುಗಿ ಬಂದಾಳೇನು, ಯಾರರ ನೋಡೀರೇನು ಅಂತ. ಯಾರೋ ಬಂದಿಲ್ಲ ಅಂದ್ರು. ಆಮ್ಯಾಲೆ ಉಣಲಿಲ್ಲ ಆಕಿ. ಹೊಸಾ ಸೊಸಿ ತವರುಮನಿ ನೆನಸಾಕತ್ತಾಳ ಅಂತ ನಾವು ತಿಳ್ಕೊಂಡ್ವಿ."

ಎದುರಿನ ಸ್ಟ್ಯಾಂಡಿನಲ್ಲಿ ಒಂದು ಬಸ್ಸು ಬಂದು ನಿಂತಿತು. "ತಿಳವಳ್ಳಿ, ಹಿರೇಕೆರೂರ, ಮಾಸೂರ! ಮಾಸೂರ ಯಾರ್ರಿ?" ಕಂಡಕ್ಟರ್ ಬಾಗಿಲಲ್ಲಿ ಜೋತು ಕೂಗಿದ. ಕೂಗಿ, ರೂಢಿಯಂತೆ ಪರಮೇಶಪ್ಪನ ಕಡೆ ಕೈ ಚಾಚಿದ. "ಏನರ ಐತೇನ ಅಜ್ಜಾ ಇವತ್ತು?"

ಇರಮ ಎದ್ದು ನಿಂತಿದ್ದಳು. ಯಾವಾಗ ಎದ್ದಳೋ ಅವಳಿಗೇ ಗೊತ್ತಾಗಲಿಲ್ಲ.

"ಹೋಗವಾ" ಎಂದರು ಪರಮೇಶಪ್ಪ. "ಬಡಬಡ ಹೋಗು. ಸಾಲಿ ಬಿಡೂದ್ರಾಗ ಮುಟ್ತೈತಿ ಈ ಬಸ್ಸು."

ರಸ್ತೆ ದಾಟುತ್ತಲೇ ಅವಳು ಮನೆಗೆ ಫೋನ್ ಹಚ್ಚಿದಳು. "ಅಬ್ಬಾ, ನಾನು ಮಾಸೂರಿಗೆ ಹೊಂಟೇನಿ. ಗುಲ್ನಾರ ಬಂದ್ರ ಅನ್ನ ಗಡಿಗ್ಯಾಗ ಐತಿ, ಸಾರು ಕಾಸಿ ಹಾಕ್ರಿ."

"ಮಾಸೂರಿಗ್ಯಾಕ? ಜಗಳಾ ಆತೇನ?"

"ಇಲ್ಲ ಅಬ್ಬಾ." ಅವಳು ಬಸ್ಸಿನ ಮೆಟ್ಟಿಲು ಹತ್ತಿದಳು. "ಜಗಳಾ ಇರಲೇ ಇಲ್ಲ."

ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಪರಮೇಶಪ್ಪ ಒಂದು ಕೈಯಲ್ಲಿ ಎಲೆಯ ಕಟ್ಟು, ಇನ್ನೊಂದರಲ್ಲಿ ಹಾಳೆ ಹಿಡಿದು ರಸ್ತೆ ದಾಟಿ ಬಂದರು. ಎಲೆಯನ್ನು ಕಿಟಕಿಯಲ್ಲಿ ಕೊಟ್ಟರು. "ಬರಿಗೈಲೆ ಹೋಗಬಾರದು. ನಿಮ್ಮ ತೋಟದ್ದನ, ನಿಮಗ ಕೊಟ್ಟೇನಿ." ಆಮೇಲೆ ಹಾಳೆ. "ಇನ್ನೂ ಹಸಿ ಐತಿ, ಹುಷಾರಿ. ಇನ್ನ ಮ್ಯಾಲ ನೀವು ನೀವ ಆದ್ರಿ. ಬುಟ್ಟಿಯ ಕೆಲಸಾನೂ ಮುಗೀತು."

ಅವರು ನಗುತ್ತಿದ್ದರು. ಹಾಳೆ ಇರಮಳ ಕೈಗೆ ಬಂದಿತ್ತು. ಆದರೆ ಮುದುಕರ ಎರಡು ಕೈಗಳು ಕಿಟಕಿಯ ಸರಳಿನ ಆಚೆ ಹಾಳೆಯಷ್ಟೇ ಅಗಲಕ್ಕೆ ತೆರೆದುಕೊಂಡು ಹಾಗೇ ಇದ್ದವು, ಕೆಳಗಿಳಿಯುವುದನ್ನು ಮರೆತ ಹಾಗೆ.

ಡ್ರೈವರ್ ಹತ್ತಿ ಕುಳಿತ. ಬಸ್ಸು ನಡುಗಿತು.

ಇರಮ ಹಾಳೆಯನ್ನು ಮಡಚದೆ ಸರಳಿನ ನಡುವಿನಿಂದ ಹೊರಗೆ ನೀಡಿದಳು. "ತಗೋರಿ ಮಾವಾರ. ಇದನ್ನ ನೀವ ಕಳಸ್ರಿ. ನಾಳಿ ಬಸ್ಸಿಗೆ."

"ನೀವ ಹೊಂಟೀರಲ್ಲವಾ?"

"ನಾನು ಮಾತಾಡಾಕ ಹೊಂಟೇನಿ. ಇದು ಬ್ಯಾರೆ. ಇದು ಇಲ್ಲಿಂದನ ಹೋಗಬೇಕು."

"ಎಲಿ ತೋಟಾ ತಗ್ಯಾಕತ್ತೀರಿ ಅಂತ ಕಂಡಕ್ಟರ್ ಅಂದ. ಮತ್ತ ಬುಟ್ಟಿ ಹೆಂಗ ಬರ್ತೈತಿ?"

"ಹಿತ್ತಲ ಬಚ್ಚಲ ಕಡೆ ಒಂದು ಬಳ್ಳಿ ನಾನು ಉಳಿಸ್ಕೊಂತೇನಿ. ನುಗ್ಗಿ ಗಿಡಕ್ಕ ಹಬ್ಬಸ್ತೇನಿ. ನಿಮಗ ಹಾಕ್ಕೊಳ್ಳಾಕ ನಾಕು ಎಲಿ ಬರ್ತಾವು, ಅವುಗಳ ತಳಕ್ಕ ಹಾಳಿ ಇರ್ತೈತಿ." ಬಸ್ಸು ಹೊರಟಿತ್ತು. ಅವಳು ಸ್ವಲ್ಪ ಕೂಗಬೇಕಾಯಿತು. "ಒಂದು ಅಡ್ಡ ನನಗ ಬರಲಿಲ್ರಿ. ಖಾಲಿ ಬಿಟ್ಟೇನಿ. ಹಂಗ ಇರ್ಲಿ!"

ಪರಮೇಶಪ್ಪ ಏನೋ ಅಂದರು, ಎಂಜಿನ್ ಸದ್ದಿನಲ್ಲಿ ಕೇಳಲಿಲ್ಲ. ತಿರುವಿನಲ್ಲಿ ಬಸ್ಸು ವಾಲಿದಾಗ ಇರಮ ಮೊಣಕಾಲ ಮೇಲಿನ ಎಲೆಯ ಕಟ್ಟನ್ನು ಹಿಡಿದುಕೊಂಡು ಹಿಂದಕ್ಕೆ ನೋಡಿದಳು. ಮುದುಕರು ಇನ್ನೂ ರಸ್ತೆಯ ಅಂಚಿನಲ್ಲೇ ಇದ್ದರು. ಹಾಳೆಯ ಎರಡು ಮೂಲೆ ಹಿಡಿದು ಗಾಳಿಗೆ ಒಡ್ಡಿ ನಿಂತಿದ್ದರು. ಬಸ್ಸಿನ ಧೂಳು ಬಡಿಯದಂತೆ ಒಮ್ಮೆ ಬೆನ್ನು ತಿರುಗಿಸಿದರು, ಮತ್ತೆ ಬಿಸಿಲ ಕಡೆ ಎತ್ತಿ ಹಿಡಿದರು. ಹಿಂದಿನಿಂದ ಬಿದ್ದ ಬೆಳಕಿನಲ್ಲಿ ಪದಬಂಧದ ಖಾಲಿ ಮನೆಗಳು ಮಾತ್ರ ಬೆಳ್ಳಗೆ ಕಾಣುತ್ತಿದ್ದವು.